ಡೊಂಕಿನ ಅಳತೆ

2018ರ ಕೊನೆಯಲ್ಲಿ ಪೇಟೆಗೆ ಬಂದ ಆಪಲ್ ಸಂಸ್ಥೆಯ ಐಪ್ಯಾಡ್ ಪ್ರೊ ಟ್ಯಾಬ್ಲೆಟ್ಟುಗಳಲ್ಲಿ ಕೆಲವು, ಪೆಟ್ಟಿಗೆಯಿಂದ ತೆಗೆದಾಗಲೇ ತುಸು ಬಾಗಿದ್ದುವು. ತಯಾರಿಕೆಯಲ್ಲಿ ಲೋಹವೂ ಪ್ಲಾಸ್ಟಿಕ್ಕೂ ತಣಿಯುವಾಗ ಹಾಗಾಗುತ್ತದೆ, ಅದು ದೋಷವಲ್ಲ ಎಂದು ಸಂಸ್ಥೆ ಸಮಾಧಾನ ಹೇಳಿತು. 400 ಮೈಕ್ರಾನ್, ಎಂದರೆ 0.4 ಮಿಲಿಮೀಟರಿನವರೆಗಿನ ಬಾಗು ತನ್ನ ಮಿತಿಯೊಳಗಿನದೆಂದು 2019ರ ಜನವರಿಯಲ್ಲಿ ಸಾರಿತು.

ಕುಂಬಾರನ ಒಂದೇ ಆವಿಗೆಯಲ್ಲಿ ಬೆಂದ ಮಡಕೆಗಳೂ ಒಂದರಂತೆ ಒಂದಿರುವುದಿಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಮಡಕೆ ಕೊಳ್ಳುವವಳು ಬೆರಳಿನಿಂದ ತಟ್ಟಿ, ನಾದ ಕೇಳಿ, ಅನಂತರ ಹಣ ಕೊಡುತ್ತಾಳೆ. ಮುಚ್ಚಿದ ಪೆಟ್ಟಿಗೆಯನ್ನು ತಟ್ಟಿ ನೋಡುವುದೆಂತು? ಹೊಸ ಸರಕಿನ ಮೊದಲ ಕಂತನ್ನು ಕೊಂಡವನು ಸಂಬಳವಿಲ್ಲದ ಪರೀಕ್ಷಕನೇ ಸರಿ.

ಕನ್ನಡ ಕಲಿಸುವ ನನಗೆ ಪದಗಳ ಬಗೆಗೆ ಸಂಶಯ ಹೆಚ್ಚು. ಮಾರುವ ಮೊದಲು ಹೇಳಿದರೆ ಅದು ಮಿತಿ. ಮಾರಿದ ಮೇಲೆ ಹೇಳಿದರೆ ನೆಪ.