ಮಗುವಿನ ಬೆರಳಚ್ಚಿಗೂ ಬೆಲೆಯಿದೆ

‘ಮಕ್ಕಳ ಹೆಸರಲ್ಲಿ ಹಣವೇ ಇಲ್ಲ, ಅವರ ಆಧಾರ್ ಕದ್ದು ಯಾರೇನು ಮಾಡುತ್ತಾರೆ?’ ಎಂದು ವಾದಿಸುವ ಲೇಖನ ಪತ್ರಿಕೆಯಲ್ಲಿ ಅಚ್ಚಾಗಿದೆ. ಈ ವಾದ ತಪ್ಪು, ಅಪಾಯಕಾರಿ ಕೂಡ.

ಕೊಪ್ಪಳ ಜಿಲ್ಲೆಯ ಮಂಗಳೂರಿನಂಥ ಊರಿನ ಮಕ್ಕಳಿಗೂ ವಿದ್ಯಾರ್ಥಿವೇತನ ಬರುವುದು ಆಧಾರ್ ಜೋಡಿಸಿದ ಖಾತೆಗೇ. ಆ ಸಂಖ್ಯೆ ಬೇರೆ ಖಾತೆಗೆ ಜೋಡಣೆಯಾದರೆ ಹಣವೂ ಅತ್ತಲೇ ಹೋಗುತ್ತದೆ. 2023ರಲ್ಲಿ ಕರ್ನಾಟಕದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ಎಗರಿಸಿದ್ದನ್ನು ಲೇಖಕರು ಮರೆತಿದ್ದಾರೆ. ಅದಕ್ಕೆ ಒಟಿಪಿ ಬೇಕಾಗಲೇ ಇಲ್ಲ. ಮಗುವಿನ ಬೆರಳಚ್ಚು 5 ವರ್ಷ ತುಂಬಿದ ಮೇಲೆ ದಾಖಲಾಗುತ್ತದೆ. ಅದರ ದುರ್ಬಳಕೆ ಬಯಲಾಗಲು ವರ್ಷಗಳೇ ಹಿಡಿಯಬಹುದು.

‘ಆಧಾರ್ ಇಲ್ಲದೆ ಶಾಲೆಯಿಲ್ಲ’ ಎಂಬ ಮಾತೂ ನಿಲ್ಲದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದೇ ಹೇಳಿದೆ: ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ, ಮಕ್ಕಳ ನೋಂದಣಿಗೆ ಪೋಷಕರ ಒಪ್ಪಿಗೆ ಬೇಕು.

ಪೋಷಕರು ಮಗುವಿನ ಬೆರಳಚ್ಚನ್ನು ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಲಿ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕಾರ್ಡಿನ ಪ್ರತಿ ಉಳಿಯದಂತೆ ಅಳಿಸಿಸಲಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಡಲಿ. ಗುರುತಿನ ಕಳವಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲುಶಿಕ್ಷೆಯಿದೆ.