ಉಬ್ಬಸ ಉಲ್ಬಣಿಸಿದಾಗ ಆಂಟಿಬಯೋಟಿಕ್: ರಕ್ತಪರೀಕ್ಷೆ ಹೇಳುವುದೇನು?

ಕಬಕ, ಪುತ್ತೂರು, ವಿಟ್ಲ ಪರಿಸರದ ಮನೆಗಳಿಗೆ ಅಡುಗೆ ಅನಿಲ ಬಂದು ವರ್ಷಗಳೇ ಸಂದಿವೆ. ಆದರೂ ಬಚ್ಚಲಿನ ಹಂಡೆಯಡಿಯ ಸೌದೆ, ಮಡಲು, ಸೋಗೆಗಳ ಹೊಗೆ ಪೂರ್ತಿ ಆರಿಲ್ಲ. ಈ ಹೊಗೆಯ ಪರಿಣಾಮವೇನೆಂಬುದನ್ನು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಒಲೆಯ ಮುಂದೆ ದಿನವೊಂದಕ್ಕೆ ಕಳೆದ ತಾಸುಗಳನ್ನು ವರ್ಷಗಳಿಂದ ಗುಣಿಸಿದಾಗ ಬರುವ ಸೂಚ್ಯಂಕ 60 ತಲುಪಿದರೆ ದೀರ್ಘಕಾಲಿಕ ಬ್ರಾಂಕೈಟಿಸ್‌ನ ಅಪಾಯ ಗಣನೀಯವಾಗುತ್ತದೆ. ಅಂದರೆ, ದಿನಕ್ಕೆ ಮೂರು ತಾಸಿನಂತೆ 20 ವರ್ಷ ಸಾಕು. ಬೀಡಿ, ಸಿಗರೇಟಿನ ಪಾಲು ಬೇರೆಯೇ ಇದೆ.

ಸಿಒಪಿಡಿ ಎಂದು ಕರೆಯಲಾಗುವ ಶ್ವಾಸಕೋಶದ ಈ ಕಾಯಿಲೆ ಆಗಾಗ ಉಲ್ಬಣಿಸುತ್ತದೆ. ಕಾರಣ ಬ್ಯಾಕ್ಟೀರಿಯಾ ಇರಬಹುದು, ವೈರಸ್ ಇರಬಹುದು, ಬರೀ ಹೊಗೆಯೂ ಇರಬಹುದು. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ ಮಾತ್ರ. ಕೆಮ್ಮು, ಏದುಸಿರು ನೋಡಿದ ಮಾತ್ರಕ್ಕೆ ಈ ಭೇದ ತಿಳಿಯದು. ಸಂಶಯದ ಲಾಭ ಮಾತ್ರೆಗೇ ಸಲ್ಲುತ್ತದೆ.

ಇಲ್ಲಿಯೇ ರಕ್ತದ ಸೂಚಕಗಳು ನೆರವಿಗೆ ಬರುವುದು. ಉರಿಯೂತವಾದಾಗ ಯಕೃತ್ತು ಸ್ರವಿಸುವ ಸಿಆರ್‌ಪಿ ಎಂಬ ಪ್ರೋಟೀನನ್ನು ಬೆರಳ ತುದಿಯ ಹನಿ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಅಳೆಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 86 ಚಿಕಿತ್ಸಾಲಯಗಳಲ್ಲಿ 653 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಪರೀಕ್ಷೆ ಮಾಡಿದವರ ಪೈಕಿ ಆಂಟಿಬಯೋಟಿಕ್ ಸೇವಿಸಿದವರು ಶೇ. 57; ಮಾಡದವರಲ್ಲಿ ಶೇ. 77. ಮಾತ್ರೆ ಕಡಿಮೆಯಾಯಿತೆಂದು ರೋಗಿಗಳ ಆರೋಗ್ಯ ಹದಗೆಟ್ಟ ಲಕ್ಷಣ ಕಂಡುಬರಲಿಲ್ಲ.

ಪ್ರೊಕ್ಯಾಲ್ಸಿಟೋನಿನ್ ಇನ್ನೊಂದು ಸೂಚಕ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಏರುವ ಇದು ವೈರಸ್ ಸೋಂಕಿನಲ್ಲಿ ಸಾಮಾನ್ಯವಾಗಿ ಅಷ್ಟು ಏರದು. ಆದರೆ ಇದನ್ನೇ ವೇದವಾಕ್ಯವೆಂದು ನಂಬುವಂತಿಲ್ಲ. ಫ್ರಾನ್ಸಿನ ತೀವ್ರ ನಿಗಾ ಘಟಕಗಳಲ್ಲಿ 302 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಸೂಚಕವನ್ನು ಅನುಸರಿಸಿದ ಗುಂಪಿನಲ್ಲಿ ಮೂರು ತಿಂಗಳೊಳಗೆ ಶೇ. 20 ಮಂದಿ ಮೃತಪಟ್ಟರೆ, ಇನ್ನೊಂದು ಗುಂಪಿನಲ್ಲಿ ಶೇ. 14. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೆ ಈ ವಿಧಾನ ಸುರಕ್ಷಿತವೆಂದು ಸಾಬೀತಾಗಲಿಲ್ಲ. ಉಸಿರಿಗಾಗಿ ಹೋರಾಡುತ್ತಿರುವ ರೋಗಿಗೆ ಒಂದು ಅಂಕಿಯನ್ನು ನೆಚ್ಚಿ ಔಷಧ ತಡೆಹಿಡಿಯುವುದು ಅಪಾಯಕಾರಿ. ಕಫದ ಬಣ್ಣ, ರೋಗಿಯ ಸ್ಥಿತಿ, ವೈದ್ಯರ ವಿವೇಚನೆ ಇವೆಲ್ಲದರ ಜತೆಗೇ ಅಂಕಿಗೆ ಅರ್ಥ.

ಕೆಲವು ಪ್ರಮುಖ ಆಂಟಿಬಯೋಟಿಕ್‌ಗಳ ಮಾರಾಟವನ್ನು ಔಷಧ ಅಂಗಡಿಗಳು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕೆಂಬ ಎಚ್-1 ನಿಯಮ 2014ರ ಮಾರ್ಚ್‌ನಿಂದಲೇ ಜಾರಿಯಲ್ಲಿದೆ. ನಿಯಮ ಅಂಗಡಿಯನ್ನು ಕಟ್ಟಿಹಾಕಬಹುದು. ಚೀಟಿ ಬರೆಯುವ ವೈದ್ಯರ ಸಂಶಯವನ್ನು ನಿವಾರಿಸಲಾರದು. ಅದಕ್ಕೆ ಬೇಕಾದುದು ಪರೀಕ್ಷೆ. ತಜ್ಞರನ್ನು ಕಾಣಲು ಮಂಗಳೂರಿಗೆ ಸುಮಾರು 50 ಕಿ.ಮೀ. ಬಸ್ಸಿನಲ್ಲಿ ಸಾಗಬೇಕಾದ ರೋಗಿಗೆ ಸಿಆರ್‌ಪಿ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ದೊರೆಯುವಂತಾಗಬೇಕು.

ಇಂದು ಅನಗತ್ಯವಾಗಿ ನುಂಗಿದ ಮಾತ್ರೆ, ನಾಳೆ ನಿಜಕ್ಕೂ ಬೇಕಾದಾಗ ಕೈಕೊಡಬಹುದು. ಪದೇ ಪದೇ ಆಸ್ಪತ್ರೆಯ ಮೆಟ್ಟಿಲು ಹತ್ತುವ ಶ್ವಾಸಕೋಶ ರೋಗಿಗಳೇ ಅದರ ಮೊದಲ ಬಲಿಪಶುಗಳಾಗುತ್ತಾರೆ ಎಂಬುದನ್ನು ಸರಕಾರ ಮರೆಯಬಾರದು.