ಬೆಳೆಸಿದ್ದು ಜಾರ್ಖಂಡ್, ದುಡಿಸಿದ್ದು ಹೊಸೂರು

ತಮಿಳುನಾಡಿನ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ತಮಿಳು, ಕನ್ನಡ, ತೆಲುಗಿನ ಜೊತೆ ಹಿಂದಿ, ಒಡಿಯಾ ಮಾತೂ ಕಿವಿಗೆ ಬೀಳುತ್ತದೆ. ಲಾರಿ, ಬೈಕು, ಕೈಗಡಿಯಾರಗಳಿಂದ ಹೆಸರಾದ ಈ ಸೀಮೆ ಈಗ ಐಫೋನಿನ ಬಿಡಿಭಾಗ, ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೂ ಕೈ ಹಾಕಿದೆ. ಹೊಸೂರಿನ ಬಳಿಯ ಐಫೋನ್ ಘಟಕಕ್ಕಾಗಿ ಜಾರ್ಖಂಡಿನ ರಾಂಚಿ, ಹಜಾರಿಬಾಗ್ ಕಡೆಯ 6,000 ಆದಿವಾಸಿ ಹೆಣ್ಣುಮಕ್ಕಳಿಗೆ ತರಬೇತಿ ನೀಡಲಾಗಿದೆ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ 2022ರ ನವೆಂಬರಿನಲ್ಲಿ ಹೇಳಿದ್ದರು. ಇಂಥವರ ಕೊಡುಗೆಯನ್ನು ರಫ್ತಿನ ಅಂಕಿಯಲ್ಲಿ ತೋರಿಸುವುದು ವಾಡಿಕೆ. ಆದರೆ ಒಂದು ಬಾಬ್ತು ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಇಪ್ಪತ್ತರ ಹುಡುಗಿ ಕಾರ್ಖಾನೆಯ ಗೇಟಿಗೆ ಬರುವಷ್ಟರಲ್ಲಿ ಅವಳ ಅನ್ನ, ಲಸಿಕೆ, ಶಾಲೆಯ ಖರ್ಚನ್ನೆಲ್ಲ ಜಾರ್ಖಂಡಿನ ಬಡ ಮನೆ, ಬಡ ಸರ್ಕಾರ ಭರಿಸಿರುತ್ತವೆ. ಕಣ್ಣು ಮಂಜಾಗಿ ಸೊಂಟ ಸೋತಾಗ ಸಾಕಬೇಕಾದದ್ದೂ ಅದೇ ಊರು. ನಡುವಿನ ಹುರುಪಿನ ವರ್ಷಗಳು ಮಾತ್ರ ಹೊಸೂರಿನವರಾದ ನಮ್ಮ ಪಾಲಿಗೆ. ಹಾಗಾಗಿ ಅವಳಿಗೆ ಹಕ್ಕು ಕೊಡುವುದು ದಾನವಲ್ಲ, ಸಾಲ ತೀರಿಸುವುದು.

ಈ ಸಾಲವನ್ನು ಕಾನೂನು ಒಮ್ಮೆ ಅರೆಬರೆಯಾಗಿ ಒಪ್ಪಿತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಪ್ರಯಾಣ ಭತ್ಯೆಯ ಜೊತೆ ಊರು ಬಿಟ್ಟದ್ದಕ್ಕಾಗಿಯೇ ಸ್ಥಳಾಂತರ ಭತ್ಯೆಯೂ ಇತ್ತು. 2025ರ ನವೆಂಬರ್ 21ರಂದು ಜಾರಿಯಾದ ಹೊಸ ಕಾರ್ಮಿಕ ಸಂಹಿತೆ, ಗುತ್ತಿಗೆದಾರರಿಲ್ಲದೆ ತಾವಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಗುರುತಿಸಿದ್ದು ಒಳ್ಳೆಯದೇ. ಆದರೆ ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿತು. ಐವರು ವಲಸಿಗರಿದ್ದರೆ ಅನ್ವಯವಾಗುತ್ತಿದ್ದ ರಕ್ಷಣೆಯನ್ನು ಹತ್ತು ಮಂದಿಗೆ ಏರಿಸಿತು. ರಕ್ಷಣೆ ಯಾಕೆ ಬೇಕೆಂಬುದು ಅದೇ ತಿಂಗಳು ಕಂಡಿತು: ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯ ಕಾರ್ಖಾನೆಯೊಂದರ ಮಹಿಳಾ ಹಾಸ್ಟೆಲಿನ ಸ್ನಾನದ ಮನೆಯಲ್ಲಿ ಗುಪ್ತ ಕ್ಯಾಮೆರಾ ಸಿಕ್ಕಿ, ಹೆಣ್ಣುಮಕ್ಕಳು ರಾತ್ರಿ ಬೀದಿಗಿಳಿದು ಪ್ರತಿಭಟಿಸಿದರು. ಸಂಬಳ, ಸೂರು ಎರಡೂ ಒಂದೇ ಕೈಯಲ್ಲಿದ್ದಾಗ ಒಬ್ಬಳೇ ದೂರು ಕೊಡುವುದು ಸುಲಭವಲ್ಲ. ಕೆಲಸ ಹೋದರೆ ಹಾಸಿಗೆಯೂ ಹೋಗುತ್ತದೆ. ಹಾಸ್ಟೆಲುಗಳ ತಪಾಸಣೆ ಕಂಪನಿಯ ಹೊರಗಿನವರ ಕೈಯಲ್ಲಿರಬೇಕು, ದೂರನ್ನು ಹುಡುಗಿಯರದೇ ಭಾಷೆಯಲ್ಲಿ ಕೇಳಿಸಿಕೊಳ್ಳುವವರಿರಬೇಕು ಎನ್ನುವುದು ಇದಕ್ಕೇ.

ಹೊರಗಿನವರು ಬಂದು ಸ್ಥಳೀಯರ ಕೂಲಿ ಇಳಿಸುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಕೂಲಿ ಇಳಿಯುವುದು ಅವರು ಬಂದದ್ದರಿಂದಲ್ಲ, ಕೇಳುವವರಿಲ್ಲದೆ ಬಂದದ್ದರಿಂದ. ಇಎಸ್‌ಐ, ಪಿಎಫ್, ಓವರ್‌ಟೈಮ್ ಲೆಕ್ಕ ಇಬ್ಬರಿಗೂ ಒಂದೇ ಆದರೆ, ಅಗ್ಗಕ್ಕೆ ಸಿಗುತ್ತಾರೆಂದು ದೂರದವರನ್ನು ಕರೆತರುವ ಲಾಭವೇ ಉಳಿಯದು. ವಲಸಿಗರ ಹಕ್ಕು ಸ್ಥಳೀಯರ ಕೂಲಿಗೂ ಕಾವಲು.

ಇನ್ನು ಮಣ್ಣಿನ ಮಕ್ಕಳಿಗೇ ಕೆಲಸ ಎಂಬ ವಾದ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಶೇ 75 ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಹೈಕೋರ್ಟ್ 2023ರಲ್ಲಿ ರದ್ದುಪಡಿಸಿತು. 2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಒಪ್ಪಿ, ಬೆನ್ನಿಗೇ ತಡೆಹಿಡಿದ ಮಸೂದೆಯಲ್ಲಿ ‘ಸ್ಥಳೀಯ’ ಎನಿಸಿಕೊಳ್ಳಲು ಕನ್ನಡ ಬಂದರೆ ಸಾಲದು, ಕರ್ನಾಟಕದಲ್ಲೇ ಹುಟ್ಟಿರಬೇಕಿತ್ತು. ಹೊಸೂರು, ತಳಿ, ಡೆಂಕಣಿಕೋಟೆಯ ಕನ್ನಡಿಗರು ಗಡಿಯ ಅತ್ತಿಬೆಲೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವವರು. ಮನೆಮಾತು ಕನ್ನಡವಾದರೂ ಅಲ್ಲಿ ಅವರು ಹೊರಗಿನವರೇ ಆಗುತ್ತಿದ್ದರು. ಅತ್ತಿಬೆಲೆಯಲ್ಲಿ ನಮಗೆ ಬೇಡವಾದ ಗೇಟನ್ನು ಸಿಪ್‌ಕಾಟ್‌ನಲ್ಲಿ ಜಾರ್ಖಂಡಿನವಳಿಗೆ ಹಾಕಲು ನಮಗೆ ಯಾವ ನ್ಯಾಯವಿದೆ?